ಹಸಿ ತೊಗಲಿನ ಸೀಟು

ಕೂಡುವ ಜಾಗದ ನೋವನ್ನು ಗಂಡಸು ಯಾರಿಗೂ ಹೇಳುವಂತಿಲ್ಲ. ಹಲ್ಲು ನೋವು ಬಂದರೆ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಊರೆಲ್ಲ ಅಡ್ಡಾಡಬಹುದು, ಕಾಲು ಉಳುಕಿದರೆ ನಾಲ್ಕು ಜನರೆದುರು ಕುಂಟಬಹುದು. ಸೈಕಲ್ ಸೀಟಿನಿಂದ ತೊಡೆಸಂದಿ ಕಿತ್ತುಹೋಗಿ ಹಿಂಭಾಗದಲ್ಲಿ ಕುರು ಎದ್ದರೆ ನಗುವವರೇ ಎಲ್ಲ. ನಾನು ಎರಡು ವರ್ಷ ಹೀಗೆ ಊರನ್ನು ನಗಿಸಿದೆ. ಆಮೇಲೆ ಒಂದು ಸೀಟು ಸಿಕ್ಕಿತು. ಅದರ ಮೇಲೆ ಹದಿನಾಲ್ಕು ವರ್ಷ ಕೂತೆ. ನೋಯಿಸಿದ ಸೀಟುಗಳೆಲ್ಲ ಮರೆತುಹೋಗಿವೆ. ಈ ಒಂದನ್ನು ಮರೆಯಲು ಆಗಿಲ್ಲ.

ನನ್ನದು ದೇವಿ ಹಾಕುವ ನೌಕರಿ. ಸಿಡುಬಿನ ಲಸಿಕೆ ಹಾಕುವುದಕ್ಕೆ ಜನ ಹಾಗೆ ಅನ್ನುತ್ತಿದ್ದರು. ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿತ್ತು, ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದೆವು. ಮನೆ ಗೋಕಾಕದಲ್ಲಿ. ಕೊಣ್ಣೂರ, ಧುಪದಾಳ, ಆ ಕಡೆ ಮೂಡಲಗಿ, ನಡುವಿನ ಹಳ್ಳಿಗಳೆಲ್ಲ ನನ್ನ ಸುತ್ತು. ಹೆಗಲಿಗೆ ಖಾಕಿ ಚೀಲ. ಅದರೊಳಗೆ ಲಸಿಕೆ ತುಂಬಿದ ಸಣ್ಣ ಗಾಜಿನ ನಳಿಗೆಗಳು, ತೋಳಿನ ಮೇಲಿಟ್ಟು ತಿರುವುವ ಹಲ್ಲಿನ ಬಿಲ್ಲೆ, ಸ್ಪಿರಿಟು, ಹತ್ತಿ. ನನ್ನ ಸೈಕಲ್ಲಿನ ಗಂಟೆ ಕೇಳಿದೊಡನೆ ಎಷ್ಟೋ ತಾಯಂದಿರು ಮಕ್ಕಳನ್ನು ಹೊಟ್ಟಿನ ಬಣವೆಯ ಹಿಂದೆ ಬಚ್ಚಿಡುತ್ತಿದ್ದರು. ಹುಡುಕಿ ತೆಗೆದು, ಬೈದು, ಕಾಡಿ ಬೇಡಿ ಹಾಕಬೇಕು.

ಸೈಕಲ್ಲೆಂದರೆ ನನ್ನ ನೌಕರಿಯ ಮರ್ಯಾದೆ. ನಡೆದು ಬಂದವನ ಮುಂದೆ ಯಾವ ಗೌಡನೂ ತನ್ನ ಮೊಮ್ಮಗನ ತೋಳು ಬಿಚ್ಚಿಸುವುದಿಲ್ಲ, ಸೈಕಲ್ ಮೇಲೆ ಬಂದರೆ ಸಾಹೇಬ, ಇಲ್ಲವಾದರೆ ಯಾವನೋ ದಾರಿಹೋಕ, ಎಂದು ಹಿಂದಿನ ಲಸಿಕೆಯವನು ನನಗೆ ಕೆಲಸ ಒಪ್ಪಿಸುವಾಗ ಹೇಳಿದ್ದ. ನಾನು ಆ ಮಾತನ್ನು ದೇವರ ಮಾತೆಂದು ನಂಬಿದೆ. ಎಲ್ಲಿಗೂ ನಡೆದು ಹೋಗುತ್ತಿರಲಿಲ್ಲ. ಊರು ಫರ್ಲಾಂಗು ದೂರವಿದೆ ಎಂದರೂ ಸೈಕಲ್ ಹತ್ತಿ, ಗಂಟೆ ಬಾರಿಸಿಕೊಂಡೇ ಒಳಗೆ ಹೋಗಬೇಕು.

ಆದರೆ ಆ ಸೈಕಲ್ಲಿನ ಸೀಟು! ಅಂಗಡಿಯಿಂದ ಬಂದದ್ದು ಕಲ್ಲು. ನಮ್ಮ ಕಡೆಯ ಕರಿ ಮಣ್ಣಿನ ದಾರಿಗಳಲ್ಲಿ ಮಳೆಗಾಲದ ಚಕ್ಕಡಿಗಳು ಕೊರೆದ ಜಾಡು ಬೇಸಿಗೆಯಲ್ಲಿ ಹಾಗೇ ಒಣಗಿ ನಿಂತಿರುತ್ತದೆ. ಗಾಲಿ ಅದರೊಳಗೆ ಬಿದ್ದಾಗಲೆಲ್ಲ ಸೀಟಿನ ಮೂತಿ ಎಲ್ಲಿ ಒದೆಯಬಾರದೋ ಅಲ್ಲಿ ಒದೆಯುತ್ತಿತ್ತು. ಯಾರೋ ಔಡಲೆಣ್ಣೆ ಕುಡಿಸಿರಿ ಎಂದರು. ಒಂದು ವಾರ ಕುಡಿಸಿದೆ. ಸೀಟು ಮೆತ್ತಗಾಗಿ ನಡುವೆ ಜೋತುಬಿದ್ದು, ಕೆಳಗಿನ ಕಬ್ಬಿಣ ನೇರವಾಗಿ ಮೈಗೆ ಒತ್ತತೊಡಗಿತು. ಸ್ಪ್ರಿಂಗಿನ ಅಗಲ ಸೀಟು ತಂದೆ. ಅದು ಧೋತರದ ಅಂಚನ್ನು ಕಚ್ಚಿ ಹಿಡಿಯುತ್ತಿತ್ತು, ಕೊಣ್ಣೂರಿನ ಅಗಸಿ ಬಾಗಿಲ ಮುಂದೆ ಒಮ್ಮೆ ನನ್ನ ಮಾನವನ್ನೇ ಕಳೆಯಿತು. ಮೂತಿಯನ್ನು ಕೆಳಗೆ ಬಗ್ಗಿಸಿಕೊಟ್ಟ ಸೈಕಲ್ ಅಂಗಡಿಯವನ ಬುದ್ಧಿವಂತಿಕೆಯಿಂದ ದಾರಿಯುದ್ದಕ್ಕೂ ಮುಂದೆ ಜಾರಿ ಜಾರಿ ಮುಂಗೈಗಳು ಬಾತುಕೊಂಡವು. ಎರಡು ತಾಸು ತುಳಿದರೆ ತೊಡೆಗಳ ನಡುವೆ ಜೋಮು ಹಿಡಿದು, ಇಳಿದು ಗಿಡದ ಮರೆಗೆ ನಿಂತರೆ ನನ್ನ ಶರೀರ ನನ್ನದಲ್ಲ ಅನ್ನಿಸುತ್ತಿತ್ತು. ಮದುವೆಯಾಗಿ ವರ್ಷ ತುಂಬದವನಿಗೆ ಇದಕ್ಕಿಂತ ದೊಡ್ಡ ದಿಗಿಲು ಬೇರೆ ಬೇಕಿಲ್ಲ.

ಕೊನೆಗೆ ಹೆಂಡತಿ ಹಳೆಯ ಸೀರೆಗಳನ್ನು ಪದರ ಪದರ ಇಟ್ಟು, ಕೌದಿ ಹೊಲಿದಂತೆ ಒಂದು ಗಾದಿ ಹೊಲಿದುಕೊಟ್ಟಳು. ಆ ಹೊಲಿಗೆಯ ಗಂಟುಗಳು ಒಂದೊಂದೂ ಚುಚ್ಚಿದವು. ಹೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂತು.

"ನಾ ಹೊಲದ ಕೌದಿ ಮ್ಯಾಲ ಇಡೀ ಮನಿ ಮಲಗತೈತಿ. ನಿಮಗೊಬ್ಬರಿಗೇ ಚುಚ್ಚತೈತೇನು?" ಅಂದಳು.

ಆ ಚಳಿಗಾಲದ ಸುತ್ತಿನಲ್ಲಿ ಕುರು ಎದ್ದಿತು. ಮೂಡಲಗಿ ಮುಗಿಸುವಷ್ಟರಲ್ಲಿ ನಾನು ಪೆಡಲ್ ಮೇಲೆ ನಿಂತುಕೊಂಡೇ ತುಳಿಯುತ್ತಿದ್ದೆ. ಉಳಿದದ್ದು ಒಂದೇ ಓಣಿ. ಮೂಡಲಗಿಯಿಂದ ಎರಡು ಮೈಲಿ ಆಚೆ, ಬರೀ ಗಾಡಿಜಾಡಿನ ದಾರಿ. ಹೊಲಗಳ ನಡುವೆ ಚಪ್ಪಲಿ ಹೊಲಿಯುವವರ ಹನ್ನೆರಡು ಹದಿನೈದು ಮನೆ. ಲಸಿಕೆಯವರ ಸುತ್ತಿನಲ್ಲಿ ಆ ಓಣಿ ಯಾವಾಗಲೂ ಕೊನೆಗೇ ಬರುತ್ತಿತ್ತು. ಯಾಕೆ ಕೊನೆಗೆ ಎಂದು ನಾನು ಕೇಳಿರಲಿಲ್ಲ, ನನಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಆ ದಿನ ದಾರಿಯ ಬಾಯಲ್ಲಿ ನಿಂತು ಜಾಡನ್ನು ನೋಡಿದೆ, ಸೀಟನ್ನು ನೋಡಿದೆ, ಮುಂದಿನ ತಿಂಗಳು ನೋಡಿದರಾಯಿತೆಂದು ತಿರುಗಿದೆ. ತಿಂಗಳ ವರದಿಯಲ್ಲಿ ಆ ಓಣಿಯ ಮುಂದೆ "ಮುಗಿದಿದೆ" ಎಂದು ಬರೆದೆ. ಗೌಡರ ವಾಡೆಯಿಂದ ಕರೆ ಬಂದಿದ್ದರೆ ತೆವಳಿಕೊಂಡಾದರೂ ಹೋಗುತ್ತಿದ್ದೆ. ಇದನ್ನು ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ.

ಮುಂದಿನ ಮೂಡಲಗಿ ಸಂತೆಯಲ್ಲಿ ಒಬ್ಬ ಚಪ್ಪಲಿ ಹೊಲಿಯುವವನ ಹತ್ತಿರ ಸೈಕಲ್ ನಿಲ್ಲಿಸಿದೆ. ಆ ಓಣಿಯವನೇ, ನನಗಿಂತ ನಾಲ್ಕೈದು ವರ್ಷ ಹಿರಿಯ, ಮಾತು ಕಡಿಮೆ, ಕೈ ಚುರುಕು. ಅವನ ಜೋಡು ಕಚ್ಚುವುದಿಲ್ಲವೆಂದು ಸುತ್ತಲಿನವರೆಲ್ಲ ಅವನಲ್ಲಿಗೇ ಬರುತ್ತಿದ್ದರು. ಪಕ್ಕದಲ್ಲಿ ಅವನ ಮಗಳು, ನಾಲ್ಕು ವರ್ಷದವಳಿರಬೇಕು, ತೊಗಲಿನ ಚೂರುಗಳನ್ನು ಸಾಲಾಗಿ ಇಡುತ್ತ ಕೂತಿದ್ದಳು.

ನಾನು ದನಿ ತಗ್ಗಿಸಿ ನನ್ನ ಕಷ್ಟ ಹೇಳಿದೆ. ಅವನು ನಗಲಿಲ್ಲ. ಎರಡು ವರ್ಷದಲ್ಲಿ ನಗದೆ ಕೇಳಿದವನು ಅವನೊಬ್ಬನೇ.

"ಕಾಲಿಗಿ ಅಳತಿ ತಗೋತೇವಿ, ಕುಂಡ್ರೂ ಜಾಗಕ್ಕ ಯಾರೂ ತಗೊಳ್ಳೂದಿಲ್ರಿ," ಅಂದ. "ಅದಕ್ಕ ನೋಯತೈತಿ. ಇಲ್ಲಿ ಕುಂಡರ್ರಿ ಸಾಹೇಬ್ರ."

ತೊಗಲು ನೆನೆಸುವ ಕುಂಡದ ಬಾಜೂ ಹಸಿ ಮಣ್ಣಿತ್ತು. ಅಲ್ಲಿ ಒಂದು ಗೋಣಿ ಹಾಸಿ ನನ್ನನ್ನು ಕೂಡಿಸಿದ. ಸಂತೆಯ ಜನ ನಿಂತು ನೋಡಿತು. ನಾನು ಮುಖ ಕೆಂಪು ಮಾಡಿಕೊಂಡು ಕೂತೆ. ಎಬ್ಬಿಸಿ ಗೋಣಿ ತೆಗೆದಾಗ ಮಣ್ಣಿನಲ್ಲಿ ಎರಡು ಕುಳಿ ಬಿದ್ದಿದ್ದವು. ಅವುಗಳ ನಡುವಿನ ಅಂತರವನ್ನು ದಾರ ಹಿಡಿದು ಅಳೆದು, ದಾರಕ್ಕೆ ಗಂಟು ಹಾಕಿಕೊಂಡ. ನಿಮ್ಮ ಇಡೀ ಭಾರ ಈ ಎರಡು ಎಲುಬಿನ ಮೇಲಿರಬೇಕು, ನಡುವಿನ ಮೆತ್ತನೆಯ ಜಾಗಕ್ಕೆ ಸೀಟು ತಾಗಲೇಬಾರದು ಎಂದು ತಿಳಿಸಿ ಹೇಳಿದ. ಆ ಹುಡುಗಿ ಎದ್ದು ಬಂದು ನನ್ನ ಕುಳಿಗಳನ್ನು ನೋಡಿ ಕಿಲಕಿಲ ನಕ್ಕು, ಲಂಗ ಮಡಚಿ ತಾನೂ ಅದರಲ್ಲೇ ಕೂತಳು. ಎರಡೂ ಕುಳಿ ಸೇರಿ ಅವಳೊಬ್ಬಳಿಗೆ ಸರಿಹೋಯಿತು.

ಅವನು ಸೀಟನ್ನು ಸೈಕಲ್ಲಿನಿಂದ ಕಳಚಿಕೊಂಡ. ಹಳೆಯ ತೊಗಲು ತೆಗೆದು ಅದೇ ಕಬ್ಬಿಣಕ್ಕೆ ಎಮ್ಮೆಯ ಹೊಸ ತೊಗಲು ಹಾಕುವುದೆಂದಾಯಿತು. ಆಮೇಲೆ, ತಲೆ ಎತ್ತದೆ, ಕೇಳಿದ.

"ಈ ಸಲ ನಮ್ಮ ಓಣಿಗಿ ಬರಲಿಲ್ಲಲ್ರಿ. ಈ ಕೂಸಿಗಿ ಇನ್ನೂ ಹಾಕಿಲ್ರಿ. ಹ್ವಾದ ಸಲ ನೀವು ಬಂದಾಗ ಅಕಿ ಅಜ್ಜಿ ಊರಾಗ ಇದ್ಳು."

ಚೀಲ ನನ್ನ ಹೆಗಲ ಮೇಲೇ ಇತ್ತು. ಅದರಲ್ಲಿ ನಳಿಗೆಗಳಿದ್ದವು. ಮಗು ನನ್ನ ಕಾಲ ಬಳಿ ಕೂತಿತ್ತು. ಆದರೆ ಒಂದು ನಳಿಗೆ ಒಡೆದರೆ ಹತ್ತಾರು ತೋಳಿಗೆ ಸಾಕು, ಒಡೆದ ಮೇಲೆ ಇಡಲು ಬರುವುದಿಲ್ಲ. ಒಂದೇ ಮಗುವಿಗಾಗಿ ಒಡೆಯುವುದು ದಂಡ ಎಂದು ನಮಗೆ ಕಲಿಸಿದ್ದರು. ಅದಲ್ಲದೆ ಕುರು ಉರಿಯುತ್ತಿತ್ತು, ಬಸ್ಸಿನ ಹೊತ್ತಾಗಿತ್ತು.

"ಸೀಟ ಆಗಲಿ," ಅಂದೆ. "ಆದ ಕೂಡ್ಲೇ ಮೊದಲ ನಿಮ್ಮ ಓಣಿಗೇ ಬರ್ತೇನಿ. ಲಗೂನ ಮಾಡು ಮತ್ತ!"

ಚೇಷ್ಟೆಗೆ ಅಂದ ಮಾತು. ಅವನೂ ಮುಗುಳ್ನಕ್ಕ. ಎಂಟು ದಿನದಲ್ಲಿ ಕೊಡುತ್ತೇನೆ ಅಂದ. ನಾನು ಸೀಟಿಲ್ಲದ ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿ ಗೋಕಾಕಕ್ಕೆ ಬಂದು, ಕುರು ಒಡೆಯುವ ತನಕ ಬೋರಲು ಮಲಗಿದೆ.

ಎಂಟು ದಿನ ಹೋಯಿತು, ಹದಿನೈದು ಹೋಯಿತು, ಮೂರು ವಾರವಾಯಿತು. ಸೀಟಿನ ಸುದ್ದಿಯಿಲ್ಲ. ಮೇಲಿನವರು ಸುತ್ತು ಯಾಕೆ ನಿಂತಿದೆ ಎಂದು ಕೇಳತೊಡಗಿದರು. ನನ್ನ ಸಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಸಂತೆಯ ದಿನ ಚೀಲವನ್ನೂ ತೆಗೆದುಕೊಳ್ಳದೆ ಬಸ್ಸು ಹತ್ತಿ ಮೂಡಲಗಿಗೆ ಹೋದೆ. ಅವನು ಕೂಡುವ ಜಾಗ ಖಾಲಿ. ಪಕ್ಕದವರನ್ನೂ ಕೇಳಲಿಲ್ಲ. ಇವನಿಗೆ ಎರಡು ಮಾತು ಬಿಗಿಯಾಗಿ ಹೇಳಿ, ಆದಷ್ಟು ಆಗಿರಲಿ, ಸೀಟು ಕಿತ್ತುಕೊಂಡೇ ಬರುತ್ತೇನೆಂದು ನೆಟ್ಟಗೆ ಆ ದಾರಿ ಹಿಡಿದೆ. ಬಾಯಲ್ಲಿ ಬೈಗುಳ ಜೋಡಿಸಿಕೊಳ್ಳುತ್ತ ನಡೆದೆ. ಮುಕ್ಕಾಲು ತಾಸೂ ಹಿಡಿಯಲಿಲ್ಲ. ಬೆವರು ಕೂಡ ಸರಿಯಾಗಿ ಬರಲಿಲ್ಲ.

ಅವನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು.

ದೇವಿ ಹಾಕುವವನಿಗೆ ಆ ಸೊಪ್ಪಿನ ಅರ್ಥ ಯಾರೂ ಹೇಳಬೇಕಿಲ್ಲ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆಯ ವಾಸನೆ ಏಳಬಾರದು, ಯಾರೂ ತಲೆ ಬಾಚಬಾರದು, ಚಪ್ಪಲಿ ಮೆಟ್ಟಿ ಬರಬಾರದು. ಅಂಗಳದಾಚೆಯ ಜಾಲಿ ಗಿಡಕ್ಕೆ ನನ್ನ ಸೀಟಿನ ಕಬ್ಬಿಣ ತೂಗುಹಾಕಿತ್ತು, ಅದರ ಮೇಲೆ ಕತ್ತರಿಸಿದ ತೊಗಲಿನ ತುಂಡು ಮಡಚಿ ಒಣಗಿತ್ತು. ಅವನು ಹೊರಗೆ ಬಂದ. ಊರಿಗೆಲ್ಲ ಜೋಡು ಹೊಲಿಯುವವನ ಕಾಲು ಬರಿದಾಗಿತ್ತು. ನನ್ನ ಧೂಳಾದ ಕಾಲುಗಳನ್ನು ನೋಡಿ ಅವನ ಕಣ್ಣು ತುಂಬಿತು.

"ಅಮ್ಮ ಬಂದಾಳ ಅಂತ ಯಾರ ಹೇಳಿದರ್ರಿ ನಿಮಗ? ಸೈಕಲ್ಲ ಇಲ್ಲದ ನಡಕೋತ ಬಂದ್ರೇನ್ರಿ?"

ಬೈಯಲೆಂದು ಬಂದವನು ಚಪ್ಪಲಿ ಕಳಚಿ ಅಂಗಳದಾಚೆ ಇಟ್ಟೆ. ಸೀಟಿಗಾಗಿ ಬಂದೆನೆಂದು ಹೇಳಲಿಲ್ಲ.

"ನಿಮ್ಮ ಕೆಲಸಾನೂ ತಡಾ ಆತ್ರಿ," ಅಂದ ಅವನು, ತಪ್ಪು ಮಾಡಿದವನ ಹಾಗೆ. "ಮನ್ಯಾಗ ತೊಗಲಾ ಇಡಂಗಿಲ್ಲ, ಆರಿ ಹಿಡಿಯಂಗಿಲ್ಲ. ನಾ ತೊಗಲಾ ಚುಚ್ಚಿದ್ರ ಅಲ್ಲಿ ಕೂಸಿನ ಮೈಯಾಗ ಚುಚ್ಚತೈತಿ ಅಂತಾರ. ಅಮ್ಮ ಇಳದ ಮ್ಯಾಲ ಮೊದಲ ನಿಮ್ಮದ ಮಾಡ್ತೇನ್ರಿ."

ಒಳಗಿನಿಂದ ಸಣ್ಣ ದನಿ ಬಂತು. "ಅಪ್ಪಾ, ಯಾರ ಬಂದಾರ?"

"ಸೀಟಿನ ಸಾಹೇಬ್ರು ಬಂದಾರವ್ವಾ."

ಆ ಮಗುವಿಗೆ ನಾನು ಸೀಟಿನ ಸಾಹೇಬ. ಅವಳು ನನ್ನನ್ನು ಬೇರೆ ಯಾವ ಕೆಲಸದಲ್ಲೂ ನೋಡಿರಲಿಲ್ಲ.

ಮರುದಿನ ಚೀಲ ತಂದು ಓಣಿಯ ಉಳಿದ ಮಕ್ಕಳಿಗೆಲ್ಲ ಹಾಕಿದೆ. ಆ ದಿನವೂ ನಡೆದೇ ಹೋದೆ. ಯಾವ ತಾಯಿಯೂ ಮಗುವನ್ನು ಬಚ್ಚಿಡಲಿಲ್ಲ. ನಡೆದು ಬಂದವನೆಂದು ಯಾರೂ ಕಡೆಗಣಿಸಲಿಲ್ಲ, ತಾವೇ ತೋಳು ಬಿಚ್ಚಿಸಿ ಸಾಲಾಗಿ ನಿಲ್ಲಿಸಿದರು. ನಾಲ್ಕನೆಯ ದಿನ ಆ ಹುಡುಗಿ ಹೋದಳು. ಲಸಿಕೆ ಮುಗಿದ ಓಣಿಯಲ್ಲಿ ಸಿಡುಬು ಹೇಗೆ ಬಂತೆಂದು ಮೇಲಿನವರು ಕೇಳಿದಾಗ, ಹಾಕಿದ ಲಸಿಕೆ ಆ ಮಗುವಿನ ಮೈಗೆ ಹತ್ತಿರಲಿಕ್ಕಿಲ್ಲ ಎಂದು ಬರೆದೆ. ಅವರು ನಂಬಿದರು. ಅಂಥದು ಆಗಾಗ ಆಗುತ್ತಿತ್ತು, ಯಾರಿಗೂ ಸಂಶಯ ಬರುವಂತಿರಲಿಲ್ಲ.

ಒಂದು ತಿಂಗಳ ಮೇಲೆ, ಬೆಳಗಿನ ಹೊತ್ತು, ಅವನು ಗೋಕಾಕದ ನಮ್ಮ ಮನೆಯ ಮುಂದೆ ನಿಂತಿದ್ದ. ಕಂಕುಳಲ್ಲಿ ಹಸಿ ಗೋಣಿಯಲ್ಲಿ ಸುತ್ತಿದ ಸೀಟು. ಒಳಗೆ ಕರೆದರೂ ಬರಲಿಲ್ಲ; ಸೈಕಲ್ ತರಿಸಿಕೊಂಡು ಅಂಗಳದಲ್ಲೇ ಕೂಡಿಸಿ ಬೋಲ್ಟು ಬಿಗಿದ. ತೊಗಲು ತೊಯ್ದು ಕಪ್ಪಾಗಿತ್ತು.

"ಹಸೀ ಇದ್ದಾಗ ಹತ್ತಬೇಕ್ರಿ. ಒಣಗೂತನಕ ಇಳೀಬ್ಯಾಡ್ರಿ. ಒಣಗಿದ್ರ ಅದು ನಿಮ್ಮ ಎಲುಬು ಬಿಟ್ಟು ಬ್ಯಾರೆಯವರದು ಹಿಡಿಯಂಗಿಲ್ಲ."

ನಾನು ಸೈಕಲ್ ಹಿಡಿದು ನಿಂತಿದ್ದೆ. ಅವನು ಸೀಟಿನ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದ.

"ಒಂದ ಮಾತು ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಸೀಟ ಆದ ಕೂಡ್ಲೇ ಮೊದಲ ನಮ್ಮ ಓಣಿಗಿ ಬರ್ತೇನಿ ಅಂದಿದ್ರಿ. ಗೌಡ್ರ ಮನ್ಯಾಗ ಮದುವಿ ಇತ್ತು, ಅವರ ಜೋಡ ಮೊದಲ ಮುಗಸೂಣು ಅಂತ ನಾನ ನಿಮ್ಮದು ಹಿಂದ ಹಾಕಿದ್ನಿ. ಹೇಳಿದ ಎಂಟ ದಿನದಾಗ ಕೊಟ್ಟಿದ್ರ ನೀವು ಬರ್ತಿದ್ರಿ. ಕೂಸು ಉಳೀತಿತ್ತು. ತಪ್ಪು ನಂದ ಆತ್ರಿ, ಸಾಹೇಬ್ರ."

ಆಗ ಹೇಳಬೇಕಿತ್ತು. ಸಂತೆಯಲ್ಲಿ ಚೀಲ ನನ್ನ ಹೆಗಲ ಮೇಲೇ ಇತ್ತು, ಎಂದು. ಆ ದಾರಿ ಮುಕ್ಕಾಲು ತಾಸಿನದು, ಸೀಟಿಗಾಗಿ ನಡೆದವನು ಮಗುವಿಗಾಗಿ ನಡೆಯಬಹುದಿತ್ತು, ಎಂದು. ವರದಿಯ ವಿಷಯ ಹೊರಗೆ ಬಂದರೆ ನೌಕರಿ ಹೋಗುತ್ತದೆಂಬ ಹೆದರಿಕೆ ಒಂದು. ಅದಕ್ಕಿಂತ, ಅವನು ನನ್ನನ್ನು ನೋಡುತ್ತಿದ್ದ ರೀತಿ ಬದಲಾಗುತ್ತದೆಂಬ ಹೆದರಿಕೆ ದೊಡ್ಡದಾಗಿತ್ತು. ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ಅವನಿಗೆ ತಿಳಿದಿರಲಿಕ್ಕಿಲ್ಲ. ಆಮೇಲೆ ಸೈಕಲ್ ಹತ್ತಿದೆ.

ಕೊಣ್ಣೂರ ದಾಟಿ ಧುಪದಾಳದ ಒಡ್ಡಿನ ತನಕ ಹೋದೆ. ಮೊದಲು ಕೆಳಗೆ ತಣ್ಣಗಿತ್ತು, ಧೋತರ ತೊಯ್ದು ಮೈಗೆ ಅಂಟಿತು. ಬಿಸಿಲೇರಿದಂತೆ ತೊಗಲು ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತ ನನ್ನ ಎರಡೂ ಎಲುಬುಗಳನ್ನು ಹಿಡಿದುಕೊಂಡಿತು. ಒಡ್ಡಿನ ಮೇಲಿಂದ ನೀರು ಧುಮುಕುತ್ತಿತ್ತು. ಬಾಯಾರಿದ್ದರೂ ಇಳಿಯಲಿಲ್ಲ, ಇಳಿಯಬೇಡಿ ಎಂದಿದ್ದನಲ್ಲ. ತುಳಿಯುತ್ತಲೇ ಅತ್ತೆ. ಎದುರು ಬಂದ ಕಬ್ಬಿನ ಗಾಡಿಯವರು ಇವನಿಗೇನಾಯಿತೆಂದು ತಿರುಗಿ ನೋಡಿದರು.

ಅಂಥ ಸೀಟು ಸುತ್ತಲಿನ ಮೂರು ತಾಲೂಕುಗಳಲ್ಲಿ ಇರಲಿಲ್ಲ. ಜೋಮಿಲ್ಲ, ಕುರುವಿಲ್ಲ. ದಿನಕ್ಕೆ ಮೂವತ್ತು ಮೈಲಿ ತುಳಿದು ಬಂದು ಆರಾಮಾಗಿ ಊಟಕ್ಕೆ ಕೂಡುತ್ತಿದ್ದೆ. ಆ ಆರಾಮವೇ ನನಗೆ ತಡೆಯಲಾಗಲಿಲ್ಲ. ಒಮ್ಮೆ ಅದನ್ನು ಕಳಚಿ ಮೂಲೆಗಿಟ್ಟು, ಅಂಗಡಿಯ ಗಟ್ಟಿ ಸೀಟೊಂದನ್ನು ತಂದು ಹಾಕಿಕೊಂಡೆ. ಎರಡು ವಾರದಲ್ಲಿ ಕುರು ಬಂತು. ಹೆಂಡತಿ ತಾನೇ ಪಾನಾ ಹಿಡಿದು ಬೋಲ್ಟು ಬಿಚ್ಚಿ ಹಳೆಯದನ್ನು ತಿರುಗಿ ಕೂಡಿಸಿದಳು.

"ಛಲೋ ಸೀಟ ಮೂಲಿಗಿ ಒಗದು ಈ ಕಲ್ಲಿನ ಮ್ಯಾಲ ಕುಂಡ್ರಾಕ ನಿಮಗ ಹುಚ್ಚ ಹಿಡದೈತೇನು?" ಅಂದಳು. ಅವಳಿಗೂ ನಾನು ಹೇಳಿರಲಿಲ್ಲ.

ಮುಂದೆ ಹುಕ್ಕೇರಿಗೆ ವರ್ಗವಾಯಿತು. ಆ ಹೊತ್ತಿಗೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಹತ್ತರಗಿಯ ಹತ್ತಿರ ದೊಡ್ಡ ರಸ್ತೆಯ ಡಾಂಬರಿನ ಮೇಲೆ ಸೈಕಲ್ ಸದ್ದಿಲ್ಲದೆ ಓಡುತ್ತಿತ್ತು. ಸೀಟು ಎಲ್ಲಿ ಮಾಡಿಸಿದಿರಿ ಎಂದು ಜೊತೆಯ ನೌಕರರು ಕೇಳಿದರೆ ಬೆಳಗಾವಿಯದು ಅನ್ನುತ್ತಿದ್ದೆ. ಒಬ್ಬ ನಾನಿಲ್ಲದಾಗ ಹತ್ತಿ ಕೂತಿದ್ದಕ್ಕೆ ಅವನ ಕೊರಳಪಟ್ಟಿ ಹಿಡಿದೆ; ಆ ದಿನದಿಂದ ನನ್ನ ತಲೆ ಸರಿಯಿಲ್ಲವೆಂದು ಕಚೇರಿಯಲ್ಲಿ ಮಾತಾಯಿತು. ಸುತ್ತನ್ನು ನಾನು ಈಗ ಕೊನೆಯ ಓಣಿಯಿಂದ ಶುರುಮಾಡುತ್ತಿದ್ದೆ. ಒಂದೇ ಮಗು ಸಿಕ್ಕರೂ ನಳಿಗೆ ಒಡೆಯುತ್ತಿದ್ದೆ, ದಂಡ ಮಾಡುತ್ತಾನೆಂದು ಬೈಸಿಕೊಂಡೆ. ಅದರಿಂದ ಏನೂ ಕಡಿಮೆಯಾಗಲಿಲ್ಲ. ಮನೆಯೊಂದರ ಮುಂದೆ ಇಳಿದು ಸೈಕಲ್ ನಿಲ್ಲಿಸುವಾಗ, ಒಳಗಿನಿಂದ ಯಾವುದಾದರೂ ಮಗು "ಯಾರ ಬಂದಾರ?" ಎಂದು ಕೇಳಿದರೆ ಚೀಲದಲ್ಲಿ ಕೈಹಾಕಿ ನಳಿಗೆಗಳಿವೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ಹಳ್ಳಿಯ ಮನೆಗಳಲ್ಲಿ ಮಕ್ಕಳು ಇದನ್ನೇ ಕೇಳುತ್ತಾರೆ. ದಿನಕ್ಕೆ ಹತ್ತು ಸಲ ಕೇಳಿಸುತ್ತಿತ್ತು.

ಹತ್ತು ಹನ್ನೊಂದು ವರ್ಷವಾದ ಮೇಲೆ, ಇನ್ನು ಹೇಳದೆ ಇರಲಾರೆ ಅನ್ನಿಸಿ, ರಜೆ ಹಾಕಿ, ಸೈಕಲ್ಲನ್ನು ಬಸ್ಸಿಗೆ ಏರಿಸಿ ಮೂಡಲಗಿಗೆ ಹೋದೆ. ಓಣಿಯ ದಾರಿ ಹಾಗೇ ಇತ್ತು. ಅವನ ಗಡ್ಡ ನರೆತಿತ್ತು, ಕಣ್ಣಿಗೆ ದಪ್ಪ ಚಸಮಾ ಬಂದಿತ್ತು. ಕೈಯಲ್ಲಿ ಆರಿ, ಮುಂದೆ ತೊಗಲು. ನನ್ನನ್ನು ನೋಡಿ ಗುರುತು ಹಿಡಿಯಲಿಲ್ಲ. ಸೀಟನ್ನು ನೋಡಿ ಹಿಡಿದ.

"ನಿಮ್ಮ ಜೋಡಿ ಒಂದ ಮಾತು ಆಡಬೇಕಾಗಿತ್ರಿ," ಅಂದೆ. ಅವನಿಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು.

ಅವನು ಕೇಳಿಸಿಕೊಳ್ಳಲಿಲ್ಲ, ಅಷ್ಟು ಸಂತೋಷವಾಗಿತ್ತು ಅವನಿಗೆ. ಒಳಗಿದ್ದ ಸೊಸೆಯನ್ನು ಕೂಗಿ ಕರೆದ.

"ಬಾರವ್ವ ಇಲ್ಲಿ. ನಾ ಹೇಳತಿದ್ನಲ್ಲ, ಆ ಸಾಹೇಬ್ರು ಅಂದ್ರ ಇವರ. ಕೂಸಿಗಿ ಜಡ್ಡು ಅಂತ ಕೇಳಿ, ಸೈಕಲ್ಲಿಗಿ ಸೀಟ ಇಲ್ಲಂದ್ರೂ ಎರಡ ಮೈಲ ನಡಕೋತ ಬಂದ ದೇವರಂಥಾವ್ರು. ನಾ ತಡಾ ಮಾಡಿದ್ದಕ್ಕ ಇವರು ಒಂದ ಮಾತು ಅನಲಿಲ್ಲ ನನಗ."

ಸೊಸೆ ಸೆರಗು ಸರಿಮಾಡಿಕೊಂಡು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ. ಹೇಳಬೇಕೆಂದು ಹನ್ನೊಂದು ವರ್ಷ ಕಟ್ಟಿಕೊಂಡು ಬಂದ ಮಾತು ಬಾಯಿಯ ತನಕ ಬಂತು. ಆ ಮನೆಯಲ್ಲಿ ಸತ್ತ ಮಗುವಿನ ಜೊತೆಗೆ ಉಳಿದಿದ್ದ ಒಂದೇ ಒಳ್ಳೆಯ ನೆನಪು ನನ್ನದಾಗಿತ್ತು. ಅದನ್ನು ಕಿತ್ತುಕೊಳ್ಳಬಾರದೆಂದು ಸುಮ್ಮನಾದೆನೋ, ನನ್ನ ಹೇಡಿತನಕ್ಕೆ ಅದೊಂದು ನೆಪವಾಯಿತೋ, ಈಗಲೂ ನನಗೆ ತಿಳಿಯದು. ಹೇಳಲಿಲ್ಲ.

ಅವನು ಎದ್ದು ಬಂದು ಹೆಬ್ಬೆರಳಿನಿಂದ ಸೀಟನ್ನು ಒತ್ತಿ ನೋಡಿದ. ಎರಡೂ ಕುಳಿಗಳಲ್ಲಿ ಬೆರಳಾಡಿಸಿದ.

"ನೋಯೂದಿಲ್ಲಲ್ರಿ?"

"ಇಲ್ರಿ," ಅಂದೆ.

ಹೊರಟೆ. ಸೈಕಲ್ಲನ್ನು ತಳ್ಳಿಕೊಂಡೇ ಆ ಎರಡು ಮೈಲಿ ನಡೆದುಬಿಡಬೇಕೆಂದು ಮನಸ್ಸಿನಲ್ಲಿತ್ತು. ನಾಲ್ಕು ಮಾರು ಹೋಗುವಷ್ಟರಲ್ಲಿ ಹಿಂದಿನಿಂದ ಕೂಗಿದ.

"ಹತ್ರಿ ಸಾಹೇಬ್ರ, ಯಾಕ ನಡೀತೀರಿ? ಹತ್ರಿ!"

ತಿರುಗಿ ನೋಡಿದೆ. ನಾನು ಹತ್ತುವುದನ್ನು ನೋಡಲೆಂದು ಕಣ್ಣಿಗೆ ಕೈ ಅಡ್ಡ ಹಿಡಿದು ಬಾಗಿಲಲ್ಲೇ ನಿಂತಿದ್ದ. ಹತ್ತಿದೆ. ಆ ಜಾಡಿನಲ್ಲಿ ಗಾಲಿ ಎಷ್ಟು ಸಲ ಬಿದ್ದೆದ್ದರೂ ಎಲ್ಲಿಯೂ ನೋಯಲಿಲ್ಲ.